ತಟ್ಟೆ ಮುಚ್ಚಿದ ಮಡಕೆ

೧

ಈ ಕಥೆಯನ್ನು ಈರುಳ್ಳಿಯಿಂದ ಶುರುಮಾಡಬೇಕೋ ಮಾಂಸದಿಂದಲೋ ಎಂದು ತೀರ್ಮಾನವಾಗದೆ ಬೆಳಗ್ಗೆಯಿಂದ ಕೂತಿದ್ದೇನೆ. ಈರುಳ್ಳಿಯಿಂದ ಶುರುಮಾಡಿದರೆ ಮೊದಲ ಸಾಲಿಗೇ ಕಣ್ಣೀರು ಬರುತ್ತದೆ, ಅದು ಅಗ್ಗದ ಉಪಾಯ. ದನದ ಮಾಂಸದಿಂದ ಶುರುಮಾಡಿದರೆ ನಿಮ್ಮಲ್ಲಿ ಕೆಲವರು ಪುಟ ಮಗುಚಿ ಮುಂದಿನ ಕಥೆಗೆ ಹೋಗಿಬಿಡುತ್ತೀರಿ. (ಹೋಗಬೇಡಿ. ತಿನ್ನಿ ಎಂದು ಯಾರೂ ಬಲವಂತ ಮಾಡುವುದಿಲ್ಲ. ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರೂ ಸಾಕು.)

ಮೊದಲ ಡ್ರಾಫ್ಟು ಹೀಗಿತ್ತು: "ಪಾರ್ಮಾ ಸೀಮೆಯ ಒಂದು ಪುಟ್ಟ ಊರಿನಲ್ಲಿ, ಡಿಸೆಂಬರಿನ ಮಂಜು ಕವಿದ ಒಂದು ಮುಂಜಾನೆ, ಒಬ್ಬ ವೃದ್ಧೆ..."

ಇಷ್ಟು ಬರೆಯುವಷ್ಟರಲ್ಲಿ ಆ ವೃದ್ಧೆಯೇ ನನ್ನ ಭುಜದ ಮೇಲಿಂದ ಇಣುಕಿ, ಬರೆದದ್ದನ್ನು ಓದಿಸಿ ಕೇಳಿದಳು.

"ಯಾರೋ ಅದು ವೃದ್ಧೆ?"

ಡ್ರಾಫ್ಟನ್ನು ಹರಿದು ಹಾಕಿದೆ.

೧ (ಮತ್ತೆ)

ಅವಳ ಹೆಸರು ದೀರ್ಚೆ. ನಾನು ಬಾಡಿಗೆಗಿರುವ ಮಹಡಿಯ ಕೆಳಗಿನ ಮಹಡಿಯಲ್ಲಿ ಅವಳ ಮನೆ. ಅದಕ್ಕೂ ಕೆಳಗೆ, ನೆಲಮಟ್ಟದಲ್ಲಿ, ಅವಳ ಓರಗಿತ್ತಿ ಓರ್ನೆಲ್ಲಾ. ಇಬ್ಬರೂ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದವರು. ಗಂಡಂದಿರು ಈಗಿಲ್ಲ, ಜಗಳ ಮಾತ್ರ ಗಟ್ಟಿಮುಟ್ಟಾಗಿದೆ. (ಬರೆಯುವಾಗ ದೀರ್ಚೆಯನ್ನು 'ಅವಳು' ಅನ್ನುತ್ತೇನೆ, ಎದುರಿಗೆ 'ನೀವು' ಬಿಟ್ಟು ಬೇರೆ ಏನಾದರೂ ಅಂದರೆ ಬೆನ್ನಿಗೆ ಸೌಟು ಬೀಳುತ್ತದೆ. ಕಥೆಗಾರನಾಗಿರುವುದರಿಂದ ನನಗೆ ಸಿಕ್ಕಿರುವ ಲಾಭ ಇದೊಂದೇ.)

ಜಗಳ ಯಾವುದಕ್ಕೆ ಎಂದರೆ ಅನೊಲೀನಿಗೆ. ಕ್ರಿಸ್‌ಮಸ್ ಮಧ್ಯಾಹ್ನ ಇಲ್ಲಿ ಎಲ್ಲರ ಮನೆಯಲ್ಲೂ ಬಿಸಿ ಸಾರಿನಲ್ಲಿ ತೇಲುವ, ನಾಣ್ಯದಷ್ಟು ಪುಟ್ಟ ಕಡುಬುಗಳವು. ಅದರ ಹೂರಣಕ್ಕೆ ಬೇಕಾಗಿ ಒಂದು ದೊಡ್ಡ ತುಂಡು ದನದ ಮಾಂಸವನ್ನು ವೈನಿನಲ್ಲಿ ಹಗಲೆಲ್ಲ ಬೇಯಿಸುತ್ತಾರೆ, ಮರುದಿನವೂ ಬೇಯಿಸುತ್ತಾರೆ. ಅದು ಸ್ತ್ರಾಕೊತ್ತೊ. ಪಾರ್ಮಾದವಳಾದ ದೀರ್ಚೆಯ ಪ್ರಕಾರ ಹೂರಣಕ್ಕೆ ಹೋಗಬೇಕಾದ್ದು ಮಾಂಸ ಬಿಟ್ಟುಕೊಟ್ಟ ರಸ ಮಾತ್ರ, ಜೊತೆಗೆ ಒಣ ಬ್ರೆಡ್ಡಿನ ಪುಡಿ, ಹಳೆಯ ಚೀಸು, ಜಾಯಿಕಾಯಿ. ಮಾಂಸವನ್ನು ಬೇರೆ ತಿನ್ನಬೇಕು. ಪಿಯಾಚೆನ್ಸಾ ಕಡೆಯಿಂದ ಬಂದ ಓರ್ನೆಲ್ಲಾ ಆ ಮಾಂಸವನ್ನೇ ಅರೆದು ಒಳಗೆ ತುಂಬುತ್ತಾಳೆ. ಎರಡು ಊರುಗಳ ನಡುವೆ ರೈಲಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರ. ಆದರೆ ಮದುವೆಯಾಗಿ ಬಂದ ವರ್ಷ ಓರ್ನೆಲ್ಲಾ ಮಾಡಿದ ಅನೊಲೀನಿಯನ್ನು ಕಚ್ಚಿ ದೀರ್ಚೆ, "ಪರವಾಗಿಲ್ಲ, ನಾಯಿಗೆ ಇಷ್ಟ ಆಗತ್ತೆ" ಅಂದಿದ್ದಳು. ಅಂದಿನಿಂದ ಮೆಟ್ಟಿಲ ಮೇಲೆ ಹವಾಮಾನ ಸರಿಯಿಲ್ಲ.

೨

ನಿಮಗೆ ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಬಚ್ಚಿಟ್ಟು ಬೆಚ್ಚಿಬೀಳಿಸುವ ಚಾಳಿ ನನಗಿಲ್ಲ. ಹೋದ ಚಳಿಗಾಲದ ಜ್ವರದಲ್ಲಿ ದೀರ್ಚೆಯ ಮೂಗು

೩

(ಇಲ್ಲಿದ್ದ ಪುಟವನ್ನು ದೀರ್ಚೆ ಕಿತ್ತುಕೊಂಡು ಒಲೆ ಒರೆಸಲು ಬಳಸಿದಳು. "ನನ್ನ ಮಗ ಓದಿದ್ರೆ?" ಎಂದಳು. ನಿಮ್ಮ ಮಗನಿಗೆ ಕನ್ನಡ ಬರುವುದಿಲ್ಲ ಅಂದೆ. "ಯಾರಾದ್ರೂ ಓದಿ ಹೇಳ್ತಾರೆ. ಕೆಟ್ಟ ಸುದ್ದಿಗೆ ಎಲ್ಲಾ ಭಾಷೇನೂ ಬರತ್ತೆ.")

೪

ಸರಿ, ಅವಳು ಹಬ್ಬದ ಸಾಮಾನಿಗೆ ಮಾರ್ಕೆಟ್ಟಿಗೆ ಹೋಗಿರುವಾಗ ಬರೆಯುತ್ತಿದ್ದೇನೆ. ದೀರ್ಚೆಗೆ ವಾಸನೆ ತಿಳಿಯುವುದಿಲ್ಲ. ಜ್ವರ ಬಿಟ್ಟಿತು, ಮೂಗು ಮರಳಿ ಬರಲಿಲ್ಲ. ಇದು ಮಗ ಎರ್ಮೆಸನಿಗೆ ಇನ್ನೂ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಯಾಕೆಂದರೆ ಎರ್ಮೆಸನ ಕೆಲಸ ಮನೆಮನೆಗೆ ಗ್ಯಾಸ್ ಬಾಯ್ಲರ್ ಕೂರಿಸುವುದು, ರಿಪೇರಿ ಮಾಡುವುದು. ಗ್ಯಾಸ್ ಸೋರಿದರೆ ಏನಾಗುತ್ತದೆ ಎಂದು ಕಣ್ಣಾರೆ ನೋಡಿದವನು. ಅಮ್ಮನಿಗೆ ಸೋರಿದ ವಾಸನೆ ತಿಳಿಯದು ಎಂದು ಗೊತ್ತಾದ ಮರುಗಳಿಗೆಯೇ ಪೈಪು ಮುಚ್ಚಿ ಇಂಡಕ್ಷನ್ ಸ್ಟವ್ ತಂದಿಡುತ್ತಾನೆ. ಅವಳ ಮಣ್ಣಿನ ಮಡಕೆ ಇಂಡಕ್ಷನ್ ಮೇಲೆ ಬಿಸಿಯಾಗುವುದೇ ಇಲ್ಲ. ಗ್ಯಾಸಿಲ್ಲದೆ ಮಡಕೆಯಿಲ್ಲ, ಮಡಕೆಯಿಲ್ಲದೆ ಸ್ತ್ರಾಕೊತ್ತೊ ಇಲ್ಲ. ಸ್ತ್ರಾಕೊತ್ತೊ ಇಲ್ಲದ ದೀರ್ಚೆ ಹೇಗಿರುತ್ತಾಳೋ ನನಗೆ ಬರೆಯಲು ಬರುವುದಿಲ್ಲ, ಬರೆಯುವ ಮನಸ್ಸೂ ಇಲ್ಲ.

(ನೀವು ಕೇಳುವ ಪ್ರಶ್ನೆ ನನಗೂ ಗೊತ್ತು: ಮಗ ಹಾಗೆ ಮಾಡಿದರೆ ಅದು ಸರಿಯಲ್ಲವೇ? ಸರಿಯೇ. ಅವಳ ಒಲೆಯ ನೇರ ಮೇಲೆ ನನ್ನ ಮಂಚವಿದೆ. ಮಗನೇ ಸರಿ ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ.)

೫

ಈಗ ಅಡುಗೆ. ಮಾಂಸದ ತುಂಡಿಗೆ ಅಲ್ಲಲ್ಲಿ ಚಾಕು ಚುಚ್ಚಿ ಬೆಳ್ಳುಳ್ಳಿ ತುರುಕಬೇಕು. ಬೆಣ್ಣೆಯಲ್ಲಿ ಸುತ್ತಲೂ ಕೆಂಪಗಾಗುವಂತೆ ಹೊರಳಿಸಬೇಕು. ಈರುಳ್ಳಿ, ಕ್ಯಾರೆಟ್, ಸೆಲೆರಿ ದಂಟು, ಎರಡು ಲವಂಗ, ಒಂದು ಚೂರು ದಾಲ್ಚಿನ್ನಿ, ಕೆಂಪು ವೈನು. ಉರಿ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕು, ಅಷ್ಟು ಸಣ್ಣಗಿರಬೇಕು. ಆಮೇಲೆ ಮಡಕೆಗೆ ಮುಚ್ಚಳದ ಬದಲು ಒಂದು ಆಳವಾದ ತಟ್ಟೆ ಮುಚ್ಚಿ, ಆ ತಟ್ಟೆಯೊಳಗೂ ವೈನು ಸುರಿಯಬೇಕು. ಕೆಳಗಿನ ಆವಿಗೆ ತಟ್ಟೆಯ ವೈನು ಬೆಚ್ಚಗಾಗುತ್ತದೆ. ಬೆಚ್ಚಗಾದದ್ದನ್ನು ಮಡಕೆಗೆ ಬಗ್ಗಿಸಿ, ತಟ್ಟೆಗೆ ಮತ್ತೆ ವೈನು. ತಣ್ಣಗಿನದು ಬಿದ್ದರೆ ಮಾಂಸ ಬೆದರಿ ಗಟ್ಟಿಯಾಗುತ್ತದಂತೆ. ಕೊನೆಗೆ ಚಾಕು ಬೇಡ, ಚಮಚ ಒತ್ತಿದರೆ ಬಿಟ್ಟುಕೊಳ್ಳಬೇಕು.

ನಡುವೆ ರುಚಿ ನೋಡುವ ಮಾತೇ ಇಲ್ಲ. "ಬೇಯೋವಾಗ ನೆಕ್ಕಿ ನೋಡೋರು ಅಡುಗೆಯವರಲ್ಲ, ಹೊಟ್ಟೆಬಾಕರು" ಎನ್ನುತ್ತಾಳೆ ದೀರ್ಚೆ. ಅವಳಿಗೆ ಎಲ್ಲವೂ ಮೂಗಿನಲ್ಲೇ ತಿಳಿಯುತ್ತಿತ್ತು. ಈ ವರ್ಷ ಮಾತ್ರ ಬಾಗಿಲಿಗೆ ಬಂದವರನ್ನೆಲ್ಲ, "ಘಮ ಹೇಗಿದೆ?" ಎಂದು ಕೇಳುತ್ತಿದ್ದಳು. ಹೊಗಳಿಕೆ ಬೇಕಾಗಿದೆ ಎಂದುಕೊಂಡು ನಾವೆಲ್ಲ ಹೊಗಳುತ್ತಿದ್ದೆವು.

೬

ಕ್ರಿಸ್‌ಮಸ್ಸಿಗೆ ಎರಡು ದಿನವಿದ್ದಾಗ ಹಬೆಯ ಜೊತೆ ಒಂದು ಹುಳಿ ಘಾಟು ಮೆಟ್ಟಿಲು ಹತ್ತಿ ನನ್ನ ಮನೆಗೆ ಬಂತು. ಇಳಿದು ಹೋದರೆ ಕೆಳಗಿನಿಂದ ಓರ್ನೆಲ್ಲಾ ಕೈಯಲ್ಲಿ ಖಾಲಿ ಬಟ್ಟಲು ಹಿಡಿದು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದಳು. ಸಕ್ಕರೆ ಕೇಳಲು ಬಂದ ಸೋಗು. ("ನನ್ನ ಇಷ್ಟು ತಡವಾಗಿ ತಂದಿದೀಯ ಕಥೆಗೆ, ಅದೂ ಏದುಸಿರು ಬಿಡಿಸಿ!" ಎನ್ನುತ್ತಾಳೆ ಓರ್ನೆಲ್ಲಾ. ಸ್ವಲ್ಪ ತಾಳಿ, ಈ ಭಾಗ ಪೂರ್ತಿ ನಿಮ್ಮದೇ.)

ಅಡುಗೆಮನೆಯ ಕಟ್ಟೆಯ ಮೇಲೆ ಒಂದೇ ಥರದ ಎರಡು ಬಾಟಲಿ. ಒಂದರಲ್ಲಿ ವೈನು. ಇನ್ನೊಂದರಲ್ಲಿ, ಊಟದಲ್ಲಿ ಮಿಕ್ಕ ವೈನನ್ನೆಲ್ಲ ವರ್ಷವಿಡೀ ಸುರಿದು ಹುಳಿಬರಿಸಿದ ವಿನೆಗರ್. ಎರಡೂ ಕಡುಕೆಂಪು. ಅರ್ಧ ಖಾಲಿಯಾಗಿದ್ದದ್ದು ಎರಡನೆಯದು.

"ದೀರ್ಚೆ," ಎಂದಳು ಓರ್ನೆಲ್ಲಾ, "ಏನು ಘಮ ಬರ್ತಿದೆ ಹೇಳು ನೋಡೋಣ."

"ಏನು ಬರತ್ತೆ, ಲವಂಗ, ದಾಲ್ಚಿನ್ನಿ, ವೈನು."

"ಅದು ನಿನ್ನ ನೆನಪು ಕಣೇ. ಮೂಗು ಏನು ಹೇಳತ್ತೆ?"

ಓರ್ನೆಲ್ಲಾ ತಟ್ಟೆ ಎತ್ತಿ, ಮಡಕೆಯೊಳಗಿನ ರಸವನ್ನು ಚಮಚದಲ್ಲಿ ತೆಗೆದು, ಊದಿ, ಮಗುವಿಗೆ ಹಿಡಿದ ಹಾಗೆ ಹಿಡಿದಳು. ದೀರ್ಚೆ ಬಾಯಿ ತೆರೆದಳು. ಹುಳಿ ತಿಳಿಯಲು ಮೂಗು ಬೇಕಿಲ್ಲ, ನಾಲಿಗೆ ಸಾಕು. ಅವಳ ಮುಖ ಕಿವುಚಿಕೊಂಡಿತು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ನನಗೆ ತುಂಬಾ ಸಂಕಟವಾಯಿತು, ಇದನ್ನು ಬೇರೆ ಥರ ಹೇಳಲು ನನಗೆ ಬರುವುದಿಲ್ಲ.

"ಎಷ್ಟು ತಟ್ಟೆ ಬಗ್ಗಿಸಿದೆ?" ಎಂದಳು ಓರ್ನೆಲ್ಲಾ.

"ಬೆಳಗ್ಗೆಯಿಂದ."

"ಮೂಗು ಯಾವಾಗ ಹೋಯ್ತು?"

"ಜ್ವರದಲ್ಲಿ." ಆಮೇಲೆ, "ನಗು, ನಗು. ನಿಂದೇ ದಿನ ಇವತ್ತು."

ಓರ್ನೆಲ್ಲಾ ನಗಲಿಲ್ಲ. ಒಲೆಯ ಗ್ಯಾಸ್ ತಿರುಗಿಸುವ ಕಿವಿಗಳನ್ನು ಒಂದೊಂದಾಗಿ ಮುಟ್ಟಿ, ಬಗ್ಗಿ ಮೂಸಿ ನೋಡಿದಳು. "ಒಂದು ವರ್ಷದಿಂದ ಹಿಂಗೇ ಮಲಗ್ತಿದೀಯಾ? ನಾನು ಕೆಳಗಿದೀನಿ ಅಂತಾದ್ರೂ ನೆನಪಾಗ್ಲಿಲ್ವಾ ಹಾಳಾದವಳೇ?" ಎಂದಳು.

೭

ಇಲ್ಲಿ ಕಥೆ ಗಂಟುಬೀಳುತ್ತದೆ. ಗಂಟು ಹಾಕಿದ್ದು ನಾನಲ್ಲ, ಮಡಕೆ.

ರಸ ಕೆಟ್ಟಿತ್ತು. ರಸ ಕೆಟ್ಟರೆ ಪಾರ್ಮಾದ ಅನೊಲೀನಿ ಇಲ್ಲ. ಆದರೆ ಮಾಂಸ ಬಚಾವಾಗಿತ್ತು. ಹುಳಿ ರಸವನ್ನು ಚೆಲ್ಲಿ, ಹೊಸ ಬೆಣ್ಣೆ, ಹೊಸ ಈರುಳ್ಳಿ, ಒಳ್ಳೆಯ ವೈನಿನಲ್ಲಿ ಮತ್ತೆ ಒಂದು ದಿನ ಬೇಯಿಸಿ, ಅರೆದು, ಚೀಸು ಬೆರೆಸಿದರೆ ಹಬ್ಬಕ್ಕೆ ಆಗುವಷ್ಟು ಹೂರಣ ಆಗುತ್ತದೆ. ಅಂದರೆ ಪಿಯಾಚೆನ್ಸಾ ಪದ್ಧತಿ. ಅಂದರೆ ದೀರ್ಚೆಯ ಮೇಜಿನ ಮೇಲೆ, ಮಾಂಸ ತುಂಬಿದ ಅನೊಲೀನಿ.

"ಬೇರೆ ಮಾಂಸ ತಂದು ಹೊಸದಾಗಿ ಇಡಬಹುದಲ್ಲ?" ಎಂದು ನಾನು ಜಾಣತನ ತೋರಿಸಿದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಹಬ್ಬ ಇಷ್ಟು ಹತ್ತಿರ ಇರೋವಾಗ ಬಿಸಾಡ್ತಾರಾ ಮಾಂಸಾನ?" ಎಂದಳು ದೀರ್ಚೆ.

"ಇವನಿಗೆ ಕಥೆ ಬರಿಯೋಕೆ ಬಿಡು ದೀರ್ಚೆ, ಅಡುಗೆ ವಿಷಯಕ್ಕೆ ಬರೋದು ಬೇಡ" ಎಂದಳು ಓರ್ನೆಲ್ಲಾ.

ಎಷ್ಟೋ ವರ್ಷಗಳ ಮೇಲೆ ಅವರಿಬ್ಬರೂ ಒಂದೇ ಮಾತು ಆಡಿದ್ದನ್ನು ಕೇಳಿದೆ. ಬೈಸಿಕೊಂಡದ್ದಕ್ಕೆ ಖುಷಿಯಾಯಿತು.

ಆದರೆ ಎರ್ಮೆಸ್ ಒಂದೇ ತುತ್ತಿಗೆ ಕಂಡುಹಿಡಿಯುತ್ತಾನೆ. ಹುಟ್ಟಿದಾಗಿನಿಂದ ಆ ಹೂರಣ ತಿಂದವನು. ಯಾಕಮ್ಮ ಮಾಂಸ ಹಾಕಿದೆ ಎಂದು ಕೇಳುತ್ತಾನೆ. ಆಗ?

೮: ಆಯ್ಕೆಗೆ ಇಟ್ಟಿರುವ ಮುಕ್ತಾಯಗಳು

ಅ. ಎರ್ಮೆಸ್ ಏನೂ ಗಮನಿಸದೆ ಮೂರು ತಟ್ಟೆ ತಿನ್ನುತ್ತಾನೆ. (ದೀರ್ಚೆ: "ನನ್ನ ಮಗ ಅಷ್ಟು ದಡ್ಡನಾ?" ಹೊಡೆದುಹಾಕಿದೆ.)

ಆ. ಓರ್ನೆಲ್ಲಾ ತಪ್ಪನ್ನು ತನ್ನ ತಲೆಗೆ ಹಾಕಿಕೊಳ್ಳುತ್ತಾಳೆ. ಇದನ್ನು ಅವಳೇ ಸೂಚಿಸಿದಳು. "ಅಮ್ಮಂಗೆ ಸೊಂಟ ನೋವು, ಈ ಸಲ ನಾನೇ ಮಾಡಿದೆ ಅಂತೀನಿ, ಬಿಡು." ಇದಕ್ಕಿಂತ ಒಳ್ಳೆಯ ಮುಕ್ತಾಯ ನನ್ನ ತಲೆಯಲ್ಲಿರಲಿಲ್ಲ. ಬರೆದೂ ಬಿಟ್ಟಿದ್ದೆ. ದೀರ್ಚೆ ಅದನ್ನು ಓದಿಸಿ ಕೇಳಿದಳು.

"ನನ್ನ ಮೇಜಿನ ಮೇಲೆ ನಿನ್ನ ಹೆಸರಿನ ಅನೊಲೀನಿ? ಅದಕ್ಕಿಂತ ಗ್ಯಾಸ್ ಹೋಗೋದೇ ವಾಸಿ."

"ನಿಂಗೆ ಸಹಾಯ ಮಾಡೋಕೆ ಬಂದೆನಲ್ಲ, ನಂಗೆ ಬುದ್ಧಿ ಇಲ್ಲ!"

"ಸಹಾಯ ಮಾಡು. ಸುಳ್ಳು ಹೇಳ್ಬೇಡ. ಹಿಟ್ಟು ಲಟ್ಟಿಸು, ತೆಳ್ಳಗೆ. ನಿಮ್ಮೂರ ಥರ ಚಪ್ಪಲಿ ಮಾಡ್ಬೇಡ."

ಅಂದೂ ಮರುದಿನವೂ ಇಬ್ಬರೂ ಒಂದೇ ಮೇಜಿನ ಎರಡು ಬದಿ ಕೂತು ಹಿಟ್ಟಿನಲ್ಲಿ ಪುಟ್ಟ ಬಿಲ್ಲೆ ಕತ್ತರಿಸಿದರು. ನಾನು ಚೀಸು ತುರಿದೆ. ಓರ್ನೆಲ್ಲಾ ಆಗಾಗ ಎದ್ದು ತಟ್ಟೆ ಎತ್ತಿ ಮೂಸಿ, "ಈಗ ಈರುಳ್ಳಿ ಕರಗಿದೆ," "ಈಗ ಲವಂಗ ಮೇಲೆ ಬಂತು," "ಈಗ ವೈನು ಸಿಹಿಯಾಗ್ತಿದೆ" ಎಂದು ವರದಿ ಕೊಡುತ್ತಿದ್ದಳು. ದೀರ್ಚೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. "ಇನ್ನೊಂದು ಸಲ ಹೇಳು" ಎಂದೂ ಕೇಳಿದಳು. ಅಷ್ಟು ಮೆತ್ತಗಿನ ಮಾಂಸವನ್ನು ನಾನು ಆ ಮನೆಯಲ್ಲಿ ಹಿಂದೆ ಕಂಡಿರಲಿಲ್ಲ. (ಇದನ್ನು ಕೆಳಗಿನ ಮಹಡಿಯಲ್ಲಿ ದೀರ್ಚೆಗೆ ಓದಿ ಹೇಳಬೇಡಿ.)

ಇ. ನಿಜವಾಗಿ ನಡೆದದ್ದು.

ಕ್ರಿಸ್‌ಮಸ್ ಮಧ್ಯಾಹ್ನ. ಎರ್ಮೆಸ್ ಬಂದ, ಅಮ್ಮನ ಕೆನ್ನೆಗೆ ಮುತ್ತಿಟ್ಟ, ಚಿಕ್ಕಮ್ಮ ಓರ್ನೆಲ್ಲಾ ಮೇಜಿಗೆ ಬಂದಿರುವುದನ್ನು ನೋಡಿ ಹುಬ್ಬೇರಿಸಿದ, ಕೂತ. ಹಬೆಯಾಡುವ ಸಾರು ಬಂತು. ಚಮಚದಲ್ಲಿ ಎರಡು ಅನೊಲೀನಿ ಎತ್ತಿ ಬಾಯಿಗೆ ಹಾಕಿಕೊಂಡ. ಕಚ್ಚಿದ. ಅವನ ದವಡೆ ನಿಂತಿತು.

ಅವನು ಕೇಳುವ ಮೊದಲೇ ದೀರ್ಚೆ ಮಾತಾಡಿದಳು.

"ಮಾಂಸ ಹಾಕಿದೀನಿ. ನಾನೇ ಹಾಕಿದ್ದು. ರಸಕ್ಕೆ ವಿನೆಗರ್ ಸುರಿದೆ, ಗೊತ್ತಾಗ್ಲಿಲ್ಲ. ನಂಗೆ ವಾಸನೆ ಬರಲ್ಲ ಎರ್ಮೆಸ್, ಹೋದ ಚಳಿಯಿಂದ. ನಿಂಗೆ ಹೇಳ್ಲಿಲ್ಲ, ಹೇಳಿದ್ರೆ ಒಲೆ ಕಿತ್ಕೊಂಡು ಹೋಗ್ತೀಯ ಅಂತ. ಭಯ ಆಯ್ತು ಕಣೋ. ಸಾಯೋಕಲ್ಲ. ಬೇರೆಯವರು ಮಾಡಿದ್ದನ್ನ ತಿಂದ್ಕೊಂಡು ಬದುಕೋಕೆ."

"ಒಲೆ ಹಚ್ಚೋ ಮುಂಚೆ ನಾನು ಮೂಸ್ತೀನಿ, ಆರಿಸಿದ ಮೇಲೂ ಮೂಸ್ತೀನಿ," ಎಂದಳು ಓರ್ನೆಲ್ಲಾ. "ದಿನಾ. ನನ್ನ ಮೂಗಿಗೇನೂ ಆಗಿಲ್ಲ. ನಿಮ್ಮಮ್ಮನ ಅಡುಗೆಯಲ್ಲಿ ಏನೇನು ಕೊರತೆ ಅಂತ ಇಷ್ಟು ವರ್ಷ ಕೆಳಗಡೆಯಿಂದಾನೇ ಕಂಡುಹಿಡಿದಿದೀನಿ."

"ವಾಸನೆ ಹಿಡಿದು ಕೂಗೋ ಮೆಷಿನ್ ಬರತ್ತಂತಲ್ಲ, ಅದನ್ನೂ ಹಾಕೋಣ," ಎಂದೆ ನಾನು. ಈ ಕಥೆಯಲ್ಲಿ ನಾನು ಆಡಿದ ಒಂದೇ ಒಂದು ಉಪಯೋಗದ ಮಾತು ಅದು.

"ಆ ಮೆಷಿನ್ ಜೊತೆಗೆ ನಾನು ಜಗಳ ಆಡೋಕಾಗತ್ತಾ?" ಎಂದಳು ದೀರ್ಚೆ. "ಇವಳೇ ಬರಲಿ."

ಎಲ್ಲರೂ ಎರ್ಮೆಸನನ್ನು ನೋಡಿದೆವು. ಅವನ ಕಣ್ಣು ತುಂಬಿತ್ತು, ಸಿಟ್ಟಿಗೋ ದುಃಖಕ್ಕೋ ಹೇಳಲಾರೆ. ಬಾಯಿಯೂ ತುಂಬಿತ್ತು. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಬಾರದು ಎಂದು ಅವನಿಗೆ ಚಿಕ್ಕಂದಿನಲ್ಲಿ ಕಲಿಸಿದವಳು ಎದುರಿಗೇ ಕೂತಿದ್ದಳು. ಅದಕ್ಕೇ ಅವನು ಬೆರಳೆತ್ತಿ, ತಾಳಿ ಎಂದು ಸನ್ನೆ ಮಾಡಿ, ಅಗಿಯತೊಡಗಿದ.

ನುಂಗಿದ ಮೇಲೆ ಅವನು ಏನಂದ ಎಂದು ನನಗೆ ಗೊತ್ತು. ದೀರ್ಚೆಗೆ ಗೊತ್ತು, ಓರ್ನೆಲ್ಲಾಗೆ ಗೊತ್ತು. ನಿಮಗೆ ಹೇಳುವುದಿಲ್ಲ. ಹೇಳಿದರೆ ಒಂದೋ ನೀವು ಸಮಾಧಾನದಿಂದ ಪುಸ್ತಕ ಮುಚ್ಚಿ ಅವಳನ್ನು ಮರೆಯುತ್ತೀರಿ, ಇಲ್ಲವೇ ಮಗನನ್ನು ಬೈಯುತ್ತ ಮುಚ್ಚುತ್ತೀರಿ, ಅವನು ಬೈಸಿಕೊಳ್ಳುವಂಥವನಲ್ಲ. ಕಥೆಗಾರನ ಕೈಯಲ್ಲಿ ಇರುವುದು ಇಷ್ಟೇ: ಎಲ್ಲಿ ನಿಲ್ಲಿಸಬೇಕು ಎನ್ನುವುದು. ನಾನು ಇಲ್ಲಿ ನಿಲ್ಲಿಸಿದರೆ ಆ ತುತ್ತು ಅವನ ಬಾಯಲ್ಲೇ ಇರುತ್ತದೆ, ಅಡುಗೆಮನೆಯಲ್ಲಿ ಆ ಸಣ್ಣ ನೀಲಿ ಉರಿ ಅವಳದಾಗಿಯೇ ಉಳಿಯುತ್ತದೆ.

ನಿಧಾನವಾಗಿ ಅಗಿ, ಎರ್ಮೆಸ್. ಏನೂ ಅವಸರವಿಲ್ಲ.