ಬಣ್ಣ ನೋಡಿ ಕೂರುವ ಧೂಳು

ಪ್ರಯೋಗಾಲಯದ ಸಭೆಯಲ್ಲಿ ಅಂದು ಮನುಕುಲದ ಆರೋಗ್ಯಕ್ಕೇ ಸಂಬಂಧಿಸಿದ ಪ್ರಶ್ನೆಯೊಂದು ಚರ್ಚೆಗೆ ಬಂತು: ಪ್ಲಾಸ್ಟಿಕ್ ಟ್ಯೂಬಿನ ಮುಚ್ಚಳ ಯಾವ ಬಣ್ಣದ್ದಿರಬೇಕು?

ಪ್ರಶ್ನೆ ಎತ್ತಿದವಳು ಹಿರಿಯ ಟೆಕ್ನಿಷಿಯನ್, ಎಲ್ಲರ ಬಾಯಲ್ಲೂ ಅಕ್ಕ. ನಿರ್ದೇಶಕರು ಗಡಿಯಾರ ನೋಡಿಕೊಂಡರು. ಅವರ ತಂಗಿಯ ಮಗ, ಬೆನ್ನ ಹಿಂದೆ ಎಲ್ಲರೂ 'ಅಳಿಯಂದಿರು' ಎನ್ನುವ ಸಂಶೋಧಕ, ಮುಸಿಮುಸಿ ನಕ್ಕ.

ವಿಷಯ ಇಷ್ಟು. ಗಾಜಿನ ಚಿಪ್ ಮೇಲೆ ನೂರಾರು ಪ್ರೋಟೀನುಗಳ ಚುಕ್ಕೆ. ಮೇಲೆ ಸೀರಮ್, ಅಂದರೆ ರಕ್ತದ ತಿಳಿ ಹಾಕಿದರೆ, ಸಂಧಿವಾತದ ಆಂಟಿಬಾಡಿ ಇದ್ದಲ್ಲಿ ಚುಕ್ಕೆ ಹೊಳೆಯಬೇಕು. ಚಿಪ್ ನಂಬಿಕೆಗೆ ಯೋಗ್ಯವೇ ಎಂದು ತಿಳಿಯಲು ಅರವತ್ತು ರೋಗಿಗಳ, ಅರವತ್ತು ಆರೋಗ್ಯವಂತರ ಸೀರಮ್ ತರಿಸಿ, ಯಾವುದು ಯಾರದೆಂದು ಗೊತ್ತಾಗದಂತೆ ಬರೀ ಸಂಖ್ಯೆ ಅಂಟಿಸಬೇಕಿತ್ತು. ಅಂಟಿಸಿದವರು ಅಳಿಯಂದಿರು. ರೋಗಿಗಳಿಗೆ ಕೆಂಪು ಮುಚ್ಚಳ, ಉಳಿದವರಿಗೆ ನೀಲಿ. ನೋಡಲು ಲಕ್ಷಣವಾಗಿರಲಿ ಎಂದು. ಸ್ಕ್ಯಾನಿನ ಚಿತ್ರಗಳಲ್ಲಿ ಕೆಟ್ಟ ಚುಕ್ಕೆಗಳನ್ನು 'ಧೂಳು' ಎಂದು ಗುರುತಿಸಿ ಕೈಬಿಟ್ಟವರೂ ಅವರೇ. ಫಲಿತಾಂಶ, ನೂರಕ್ಕೆ ತೊಂಬತ್ತೇಳು ಸರಿ.

"ನಲವತ್ತೊಂದು ಚುಕ್ಕೆ ಧೂಳು ಅಂತ ತೆಗೆದಿದ್ದೀಯ," ಅಕ್ಕ ಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದಳು. "ನಲವತ್ತೊಂದೂ ನೀಲಿ ಮುಚ್ಚಳದವು. ನಿಮ್ಮನೆ ಧೂಳು ಬಣ್ಣ ವಿಚಾರಿಸ್ಕೊಂಡು ಬಂದು ಕೂರುತ್ತೇನಪ್ಪ?"

"ಆರೋಗ್ಯವಾಗಿರೋರಲ್ಲಿ ಹೊಳೆದ್ರೆ ಅದು ಧೂಳೇ ತಾನೇ, ಅಕ್ಕ?"

ಪ್ರಶ್ನೆಯಲ್ಲಿ ಕಪಟವಿರಲಿಲ್ಲ. ಅದಕ್ಕೇ ಅಕ್ಕನ ಪಿತ್ತ ನೆತ್ತಿಗೇರಿತು.

"ಅದನ್ನ ತಿಳ್ಕೊಳ್ಳೋಕೇ ಅಲ್ವೇನೋ ಈ ಪರೀಕ್ಷೆ? ಉತ್ತರ ಅಂಗೈಲಿ ಬರ್ಕೊಂಡು ಕೂತ್ರೆ ಕತ್ತೆನೂ ಪಾಸಾಗುತ್ತೆ."

"ಕತ್ತೆ ಗಿತ್ತೆ ಎಲ್ಲ ಯಾಕಮ್ಮ," ನಿರ್ದೇಶಕರು ಬೆಣ್ಣೆ ಹಚ್ಚುವ ದನಿ ತೆಗೆದರು. "ಹುಡುಗ ಸ್ವಲ್ಪ ಅವಸರ ಮಾಡ್ದ. ವರದಿಗೆ ನಿಮ್ದೊಂದು ಸಹಿ ಬಿದ್ರೆ ಸಾಕು. ಸೋಮವಾರ ಆಸ್ಪತ್ರೆಗೆ ಚಿಪ್ ಕಳಿಸ್ಬೇಕು."

"ಈ ರೋಗ ಇಲ್ಲದವರೂ ಕೀಲು ನೋವು ಅಂತ ಬರ್ತಾರೆ. ಈ ಚಿಪ್ಪು ರೋಗ ಇದೆ ಅನ್ನುತ್ತೆ. ವರ್ಷಗಟ್ಟಲೆ ಮಾತ್ರೆ ನುಂಗ್ತಾರೆ. ಆಗ ನಿಮ್ಮ ಅಳಿಯನ್ನ ಅವರ ಮುಂದೆ ಕೂರಿಸಿ, ನೀವೆಲ್ಲ ಧೂಳು ಅಂತ ಹೇಳ್ಲಿ."

"ನೀವು ಮಾಡ್ದೆ ಇದ್ರೆ ಬೇರೆಯವರು ಸಹಿ ಮಾಡ್ತಾರೆ."

"ಮಾಡ್ಲಿ. ವರದಿ ಜತೆ ಈ ಪಟ್ಟಿನೂ ಆಸ್ಪತ್ರೆಗೆ ಹೋಗುತ್ತೆ. ನನ್ನ ಹೆಸರಲ್ಲಿ."

ನಿರ್ದೇಶಕರು ಅಳಿಯನತ್ತ ನೋಡಿದರು. ಅಳಿಯಂದಿರು ಫ್ಯಾನಿನತ್ತ ನೋಡಿದರು.

ನಿರ್ದೇಶಕರು ಒಲ್ಲದ ಮನಸ್ಸಿನಿಂದ ಒಪ್ಪಿದ ಮೇಲೆ, ಮರುವಾರ ಪಕ್ಕದ ವಿಭಾಗದವರೊಬ್ಬರು ಸೀರಮ್ ಎಲ್ಲವನ್ನೂ ಒಂದೇ ಬಣ್ಣದ ಮುಚ್ಚಳದ ಟ್ಯೂಬುಗಳಿಗೆ ಬದಲಿಸಿ, ಹೊಸ ಸಂಖ್ಯೆ ಅಂಟಿಸಿ, ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಕ್ಕ ಪರೀಕ್ಷೆಯನ್ನು ಮೊದಲಿನಿಂದ ಮಾಡಿದಳು. ನೂರಕ್ಕೆ ಅರವತ್ತೆಂಟು ಸರಿ ಬಂತು. ಚಿಪ್ ಆಸ್ಪತ್ರೆಗೆ ಹೋಗಲಿಲ್ಲ.