ಎಡಗೈ ಮೂಳೆಯ ಪರಾಕ್ರಮ

ನಾನು ಒಂದು ಮುಂಗೈ ಮೂಳೆ. ಎಡಗೈಯದು. ಹುಟ್ಟಿದಾಗ ಹುರುಳಿಕಾಳಿನಷ್ಟಿದ್ದೆ; ಬೆಳೆದ ಮೇಲೆ ಗುಡ್ಡಗಳೇ ನನ್ನನ್ನು ಕಂಡು ಪಕ್ಕಕ್ಕೆ ಸರಿಯುತ್ತಿದ್ದವು. ನನಗೆ ಎರಡು ಸಾವಿರ ವರ್ಷ ಅನ್ನುತ್ತಾರೆ. ಅವಮಾನ! ನಾಲ್ಕು ಅನ್ನಿ.

ಮಣ್ಣಿನಲ್ಲಿ ನನಗೆ ಒಂದು ದಿನವೂ ನೆಮ್ಮದಿಯಿರಲಿಲ್ಲ. ಬೇರು ಚುಚ್ಚುತ್ತಿತ್ತು, ಗೆದ್ದಲು ಕಚಗುಳಿಯಿಡುತ್ತಿತ್ತು. ನನ್ನ ನಡುವೆ ಒಂದು ಸೊಟ್ಟ ಗಂಟಿದೆ. ಅದನ್ನು ತೋರಿಸಿ ಎರೆಹುಳುಗಳಿಗೆ ಹೇಳುತ್ತಿದ್ದೆ, "ಇಡೀ ದಂಡನ್ನು ಒಬ್ಬನೇ ಕಡಿದಾಗ ಆದದ್ದು!" ಅವು ನಂಬುತ್ತಿದ್ದವು. ಅವಕ್ಕೆ ಕೈಯಿಲ್ಲವಲ್ಲ.

ಪುರಾತತ್ವದವರು ಬಳ್ಳಾರಿ ಸೀಮೆಯ ಒಂದು ದಿಬ್ಬ ಅಗೆದು ನನ್ನನ್ನು ಮೇಲೆತ್ತಿದರು. ಊರ ಹಿರಿಯ ಹೊನ್ನೂರಪ್ಪ ಓಡಿಬಂದ. ದನಗಳ್ಳರೊಡನೆ ಕಾದಾಡಿ ಸತ್ತವನ ವೀರಗಲ್ಲು ಅವನ ಹೊಲದಂಚಿನಲ್ಲಿತ್ತು. ನಾನು ಆ ವೀರನದೇ ಮೂಳೆ ಎಂದುಕೊಂಡು, ಯಾರೂ ತಡೆಯುವ ಮೊದಲೇ ಎಣ್ಣೆ ಸವರಿ ಕುಂಕುಮ ಮೆತ್ತಿಬಿಟ್ಟ. ಆಹಾ, ಮೂರು ಲೋಕಕ್ಕೂ ನನ್ನ ಪ್ರಭೆ ಹಬ್ಬಿತು!

ಹಳೆಯ ಮೂಳೆಗಳ ಗಾಯ ಪರೀಕ್ಷಿಸುವ ಪಾರ್ವತಿ ಕಲ್ಮಠ ಹಣೆ ಚಚ್ಚಿಕೊಂಡರು. "ಏನ್ ಮಾಡಿಬಿಟ್ರಿ ಯಜಮಾನ್ರ! ಇದೇನ್ ಪೂಜಿ ತೆಂಗಿನಕಾಯೇನು?"

"ವೀರನ್ನ ಬರಿಮೈಲೆ ಬಿಡಾಕ ಆಕ್ಕೈತೇನ್ ತಾಯಿ? ಆತಂದೇ ಅಂತ ಒಂದ್ ಮಾತು ಹೇಳ್ರಿ, ಗುಡಿ ಕಟ್ಟಿ ಕೂಡಿಸ್ತೀವಿ. ಅಲ್ಲಂದ್ರ ನಿಮ್ ಡಬ್ಬಿಗೆ ಹಾಕ್ಕೊಳ್ರಿ."

ಗುಡಿಯೋ, ಡಬ್ಬಿಯೋ! ನನ್ನ ಜೀವ ಕುದಿಯಿತು. ಪಾರ್ವತಿ ಮೆತ್ತನೆಯ ಬ್ರಷ್ಷಿನಿಂದ ಗಂಟಿನ ಸಂದಿಯ ಕುಂಕುಮ ಬಿಡಿಸುತ್ತಿದ್ದರೆ, "ಹೇಳಿಬಿಡಮ್ಮಾ!" ಎಂದು ಭೂಮಿ ನಡುಗುವಂತೆ ಹೊರಳಿದೆ. ಮೇಜಿನ ಮೇಲಿನ ಪೆನ್ಸಿಲ್ಲೂ ಅಲುಗಲಿಲ್ಲ.

ಹೊನ್ನೂರಪ್ಪ ತೀರ್ಪು ಕೇಳಲು ಬಂದ.

"ಇದರ ಜೋಡಿ ಸಿಕ್ಕ ಸೊಂಟದ ಎಲುಬು ನೋಡೀನ್ರಿ. ಇದು ಹೆಣ್ಮಗಳದು," ಎಂದರು ಪಾರ್ವತಿ. "ಯಾರೋ ತಲಿಗೆ ಬಡಿಗಿ ಬೀಸ್ಯಾರ, ಆಕಿ ಕೈ ಅಡ್ಡ ಹಿಡದಾಳ. ಮುರದದ್ದು ಸೊಟ್ಟ ಕೂಡೇತಿ. ಆಮ್ಯಾಲೂ ಭಾಳ ವರ್ಷ ಬದುಕ್ಯಾಳ."

"ಕತ್ತಿ?"

"ಅದರ ಗುರುತು ಏನೂ ಇಲ್ರಿ."

"ಹಂಗಾರ ಬಡಸ್ಕೊಂಡಾಕಿ," ಎಂದು ಹೊನ್ನೂರಪ್ಪ ಟವೆಲ್ಲು ಕೊಡವಿ ಎದ್ದ. "ಡಬ್ಬಿಗೇ ಹಾಕ್ರಿ."

ಹಾಕಿದರು. ಈಗ ಉಗ್ರಾಣದ ಮೂಲೆಯೇ ನನ್ನ ಮುಪ್ಪಿನ ಮನೆ. ಬಡಿಸಿಕೊಂಡಾಕಿ! ಆ ಮಾತು ಗೆದ್ದಲಿಗಿಂತ ಹೆಚ್ಚು ಕೊರೆಯಿತು. ಆದರೆ ಪಾರ್ವತಿ ಅದೇ ಡಬ್ಬಿಯಲ್ಲಿ ಹತ್ತಿ ಹಾಸಿ ನನ್ನ ಒಡತಿಯ ತಲೆಬುರುಡೆಯನ್ನೂ ನನ್ನ ಪಕ್ಕಕ್ಕಿಟ್ಟರು. ಮುಚ್ಚಳ ಬೀಳುವ ಮೊದಲು ಅದನ್ನು ಇಡಿಯಾಗಿ ನೋಡಿದೆ. ಹಣೆ, ನೆತ್ತಿ, ಹಿಂದಲೆ. ಎಲ್ಲೂ ಒಂದು ಗೀರಿಲ್ಲ.

ಇದನ್ನು ಮಾತ್ರ ನಾನು ಹೆಚ್ಚಿಸಿ ಹೇಳುತ್ತಿಲ್ಲ.