ದಡ ಬದಲಿಸಿದ ದೋಣಿಮನೆ

ನನ್ನ ತಮ್ಮ ಟೊರ್ಗೈರ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೋದ ವರ್ಷ ಹೊಳೆಯಾಚೆಯ ಆಸ್ಲಾಕ್‌ನ ದೋಣಿಯ ತಳವನ್ನು ಕೊಡಲಿಯಿಂದ ಸೀಳಿದ. ಆಸ್ಲಾಕ್ ದೋಣಿಯ ಹುಟ್ಟಿನಿಂದ ಬಾರಿಸಿ ಇವನ ಎರಡು ಪಕ್ಕೆಲುಬು ಮುರಿದ. ಜಗಳವೆಲ್ಲ ಹೊಳೆಯು ಫ್ಯೋರ್ಡ್ ಎಂಬ ಕಡಲ ಚಾಚನ್ನು ಸೇರುವಲ್ಲಿದ್ದ, ದೋಣಿ ಎಳೆದಿಡುವ ಒಂದು ದೋಣಿಮನೆಗಾಗಿ. ಅದು ಕೊಚ್ಚಿಹೋಗಿ ನೂರು ವರ್ಷವಾಗಿದೆ. ಆದರೆ ಅದು ಯಾವ ದಡದಲ್ಲಿತ್ತೋ ಆ ದಡದವರಿಗೆ ಅಲ್ಲಿ ಸಾಲ್ಮನ್ ಬಲೆ ಹಾಕುವ ಹಕ್ಕು. ಭೂ ನ್ಯಾಯಾಲಯದ ವಿಚಾರಣೆ ಗುರುವಾರವಿತ್ತು.

ಅಷ್ಟರಲ್ಲಿ ನಾನು ಕೆಲಸ ಮಾಡುವ ಮ್ಯೂಸಿಯಂಗೆ ಕ್ರಿಸ್ಟೆನ್ ಹೋವ್ಲಾಂಡ್‌ನ ಚಿತ್ರಗಳು ಪ್ರದರ್ಶನಕ್ಕೆ ಬಂದವು. 1851ರ ಬೇಸಿಗೆಯಲ್ಲಿ ನಮ್ಮ ಕಣಿವೆಗೆ ಬಂದಿದ್ದ ಚಿತ್ರಕಾರ ಅವನು. ನಮ್ಮ ಹೊಳೆಯನ್ನು ಬರೆದಿದ್ದ ದೊಡ್ಡ ಬಣ್ಣದ ಚಿತ್ರದಲ್ಲಿ ದೋಣಿಮನೆ ಇದ್ದದ್ದು ನಮ್ಮ ದಡದಲ್ಲಿ.

“ಇನ್ನೇನು ಬೇಕು ಸಿಗ್ರುನಕ್ಕಾ? ಆ ನನ್ಮಗ ಇನ್ನೊಂದು ಸಲ ಬಾಯಿ ಬಿಡ್ಲಿ, ಹಲ್ಲು ಉದುರಿಸ್ತೀನಿ” ಎಂದು ತಮ್ಮ ಕುಣಿದಾಡಿದ.

ಸೋಮವಾರ ಹೋವ್ಲಾಂಡ್‌ನ ಸ್ಕೆಚ್ ಪುಸ್ತಕವನ್ನು ಗಾಜಿನ ಪೆಟ್ಟಿಗೆಯಲ್ಲಿಡುವಾಗ ಪುಟಗಳನ್ನು ತಿರುವಿ ನೋಡಿದೆ. ಆ ಕಾಲದ ಚಿತ್ರಕಾರರು ಬೇಸಿಗೆಯಲ್ಲಿ ಜಾಗದಲ್ಲೇ ಕೂತು ಪೆನ್ಸಿಲಿನಲ್ಲಿ ಬರೆದುಕೊಂಡು, ಚಳಿಗಾಲದಲ್ಲಿ ಜರ್ಮನಿಗೆ ಹೋಗಿ ಕೋಣೆಯೊಳಗೆ ಬಣ್ಣ ಹಚ್ಚುತ್ತಿದ್ದರು. ಅಂದಕ್ಕಾಗಿ ಮರ, ಮನೆ, ಬೆಟ್ಟ ಎಲ್ಲವನ್ನೂ ಮನಬಂದಂತೆ ಸರಿಸುತ್ತಿದ್ದರು. ಪೆನ್ಸಿಲ್ ಪುಟದಲ್ಲಿ ದೋಣಿಮನೆ ಆಸ್ಲಾಕ್‌ನ ದಡದಲ್ಲಿತ್ತು. ಕೆಳಗೆ ತಾರೀಖು, ನಮ್ಮ ಹೊಳೆಯ ಹೆಸರು. ನಾನು ಪುಟ ತಿರುವಿ, ಒಂದು ಹಸುವಿನ ಚಿತ್ರ ಕಾಣುವಂತಿಟ್ಟು ಬೀಗ ಹಾಕಿದೆ. ಅಪ್ಪ ಸತ್ತ ಮೇಲೆ ತಮ್ಮನಿಗೆ ಉಳಿದಿದ್ದದ್ದು ಆ ಬಲೆಯೊಂದೇ. ಯಾರಿಗೂ ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಪ್ರದರ್ಶನದ ಉದ್ಘಾಟನೆ; ವಿಚಾರಣೆಗೆ ಇನ್ನು ಐದೇ ದಿನ. ಕಾಫಿ, ದೋಸೆಯಷ್ಟು ತೆಳ್ಳಗಿನ ವಾಫೆಲ್, ಭಾಷಣ. ಟೊರ್ಗೈರ್ ಆಸ್ಲಾಕ್‌ನ ಕಾಲರ್ ಹಿಡಿದು ದೊಡ್ಡ ಚಿತ್ರದ ಮುಂದೆ ನಿಲ್ಲಿಸಿದ.

“ಕಣ್ಣು ಕಾಣ್ಸುತ್ತಾ? ಯಾರ ದಡಾನೋ ಇದು?”

“ಹಿಂದಿರೋ ಆ ಬೆಟ್ಟಾನೂ ನೋಡಪ್ಪ. ನಮ್ಮೂರಲ್ಲಿ ಎಲ್ಲಿದೆ ಅದು? ನಿಮ್ಮಪ್ಪ ಮಾರ್ಕೊಂಡು ಕುಡಿದ್ನಾ?” ಎಂದ ಆಸ್ಲಾಕ್.

ಜನ ನಕ್ಕರು. ನಗಬಾರದಿತ್ತು.

ಟೊರ್ಗೈರ್ ಅವನ ತಲೆಯನ್ನು ಗೋಡೆಗೆ ಚಚ್ಚಿದ. ಒಮ್ಮೆ, ಮತ್ತೊಮ್ಮೆ. ಬಿಳಿ ಗೋಡೆಯ ಮೇಲೆ ರಕ್ತ ಇಳಿಯಿತು. ಹಿಡಿಯಲು ಬಂದ ಕಾವಲುಗಾರನ ಹೊಟ್ಟೆಗೆ ಒದ್ದ. ಚಿತ್ರದ ಹತ್ತಿರ ಜನ ಬಾರದಂತೆ ಹಗ್ಗ ಕಟ್ಟಿದ್ದ ಹಿತ್ತಾಳೆ ಕಂಬವನ್ನು ಕಿತ್ತೆತ್ತಿಕೊಂಡಾಗ, ಇವನು ಕೊಂದೇಬಿಡುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಬೀಗ ತೆಗೆದು, ಪುಸ್ತಕದ ಆ ಪುಟವನ್ನು ಅವನ ಮುಖಕ್ಕೆ ಹಿಡಿದೆ.

“ಸಾಕು ನಿಲ್ಸೋ! ದೋಣಿಮನೆ ಇದ್ದದ್ದು ಅವರ ಕಡೆ! ಜಾಗದಲ್ಲೇ ಕೂತು ಬರೆದದ್ದು ಇದು, ನೋಡು!”

ಅವನು ನೋಡಿದ. “ಅಪ್ಪನ ಮಗಳೇನೇ ನೀನು?” ಎಂದು ಮುಷ್ಟಿ ಬೀಸಿದ. ನನ್ನ ದವಡೆ ಲಟಕ್ಕೆಂದಿತು. ನಾನು ಬಿದ್ದಲ್ಲಿಗೇ ಕಂಬ ಎತ್ತಿದ.

ಅಡ್ಡ ಬಂದವನು ಆಸ್ಲಾಕ್. ಮುಖವೆಲ್ಲ ರಕ್ತ, ಆದರೂ ನನ್ನ ಮೇಲೆ ಬಾಗಿ ನಿಂತ. ಏಟು ಅವನ ಭುಜಕ್ಕೆ ಬಿತ್ತು, ಮೂಳೆ ಮುರಿದ ಸದ್ದು ನನ್ನ ಕಿವಿಗೆ ಕೇಳಿಸಿತು. ಆಮೇಲೆ ಐದಾರು ಜನ ಸೇರಿ ಟೊರ್ಗೈರ್‌ನನ್ನು ನೆಲಕ್ಕೆ ಕೆಡವಿದರು, ಪೊಲೀಸರು ಎಳೆದೊಯ್ದರು.

ತುರ್ತು ಚಿಕಿತ್ಸಾಲಯದಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ಕಾದೆವು. ಆಸ್ಲಾಕ್ ಹಣೆಗೆ ಬಟ್ಟೆ ಒತ್ತಿಕೊಂಡಿದ್ದ.

“ನೀನು ಅದನ್ನ ತೋರಿಸದಿದ್ರೆ ನಾನು ಇವತ್ತು ಹೆಣ ಕಣಮ್ಮ” ಎಂದ. “ಸ್ವಂತ ತಮ್ಮನ್ನ ಎದುರು ಹಾಕ್ಕೊಂಡು ಯಾರು ಮಾಡ್ತಾರೆ ಹೇಳು?”

ನಾನು ಸುಮ್ಮನಿರಬಹುದಿತ್ತು. ಆಗಲಿಲ್ಲ.

“ಸೋಮವಾರಾನೇ ನೋಡಿದ್ದೆ ಆಸ್ಲಾಕ್. ಪುಟ ತಿರುವಿಟ್ಟಿದ್ದು ನಾನೇ.”

ಅವನು ಹಣೆಯ ಬಟ್ಟೆ ಕೆಳಗಿಳಿಸಿದ. ಆಮೇಲೆ ಮುರಿದ ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಮುಲುಗುತ್ತ ಎದ್ದು, ಆಚೆ ಗೋಡೆಯ ಪಕ್ಕದ ಕುರ್ಚಿಗೆ ಹೋಗಿ ಕೂತ.